ಪ್ಲೇಟ್‌ಲೆಟ್ ಕೌಂಟಿಗೆ ಒಂದು ಬಹಿರಂಗ ಪತ್ರ



ಮಳೆ ಹಿಂದೆ ಸರಿದು ಕೂಲರುಗಳ ತಳದಲ್ಲಿ ನೀರು ನಿಂತ ಮೇಲೆ, ಅಂದರೆ ಆಗಸ್ಟ್ ಕೊನೆಯಿಂದ ದೀಪಾವಳಿ ದಾಟುವವರೆಗಿನ ಡೆಂಗಿಯ ತಿಂಗಳುಗಳಲ್ಲಿ, ದೆಹಲಿಯ ಪೀತಮ್‌ಪುರದಲ್ಲಿ ನಿನ್ನನ್ನು ವಿಚಾರಿಸದ ಮನೆ ಇರುವುದಿಲ್ಲ. ಕ್ಯೂಯು ಬ್ಲಾಕಿನ ಮೆಟ್ಟಿಲ ಮೇಲೆ, ಕೋಹಾಟ್ ಎನ್‌ಕ್ಲೇವ್ ಮೆಟ್ರೊ ನಿಲ್ದಾಣದಲ್ಲಿ, ನೇತಾಜಿ ಸುಭಾಷ್ ಪ್ಲೇಸಿನ ಕಚೇರಿಗಳ ಲಿಫ್ಟಿನೊಳಗೆ ಕೇಳಿಬರುವುದು ಒಂದೇ ಪ್ರಶ್ನೆ: 'ಪ್ಲೇಟ್‌ಲೆಟ್ಸ್ ಕಿತ್ನೇ ಹೈ?' (ಪ್ಲೇಟ್‌ಲೆಟ್ ಎಷ್ಟಿದೆ?) ಜ್ವರಕ್ಕೆ ಎಷ್ಟನೇ ದಿನ, ಮಗು ನೀರು ಕುಡಿಯುತ್ತಿದೆಯೇ, ಕೊನೆಯ ಸಲ ಮೂತ್ರಕ್ಕೆ ಹೋದದ್ದು ಯಾವಾಗ ಎಂದು ಕೇಳುವವರು ಕಡಿಮೆ. ನೀನು ಒಂದು ಲಕ್ಷದ ಆಸುಪಾಸಿನಲ್ಲಿದ್ದರೆ ಮನೆಯವರೆಲ್ಲ ನಿರಾಳ. ಐವತ್ತು ಸಾವಿರಕ್ಕೆ ಇಳಿದರೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ರಕ್ತದಾನಿಗಳ ಹುಡುಕಾಟ.

ನಾನು ಹುಬ್ಬಳ್ಳಿ ಕಡೆಯವಳು. ಇಲ್ಲಿಯ ಸಣ್ಣ ಲ್ಯಾಬೊಂದರಲ್ಲಿ ರಕ್ತ ತೆಗೆದು, ನಿನ್ನನ್ನು ಎಣಿಸಿ, ರಿಪೋರ್ಟು ಕೈಗಿಡುವುದು ನನ್ನ ಕೆಲಸ. ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ನೀನು ಸುಳ್ಳು ಹೇಳುವುದಿಲ್ಲ, ನಿನಗೆ ಗೊತ್ತಿರುವಷ್ಟನ್ನು ಹೇಳುತ್ತೀಯ. ಆದರೆ ನಿನಗೆ ಗೊತ್ತಿಲ್ಲದ್ದನ್ನೂ ನಿನ್ನ ಬಾಯಿಂದಲೇ ಕೇಳಲು ನಾವು ಹೊರಟಿದ್ದೇವೆ. ಮಗು ಬದುಕುತ್ತದೆಯೇ ಇಲ್ಲವೇ ಎಂಬ ತೀರ್ಪಿನ ಪೀಠದಲ್ಲಿ ನಿನ್ನನ್ನು ಕೂರಿಸಿದ್ದೇವೆ. ಅಲ್ಲಿಂದ ಇಳಿದು, ರಿಪೋರ್ಟಿನಲ್ಲಿ ನಿನಗಿಂತ ಕೆಲವು ಸಾಲು ಮೇಲಿರುವ ಇನ್ನೊಂದು ಸಂಖ್ಯೆಯ ಪಕ್ಕಕ್ಕೆ ಬಂದು ನಿಲ್ಲು ಎಂದು ಕೇಳಿಕೊಳ್ಳಲು ಈ ಪತ್ರ.

ನೀನು ಆ ಪೀಠ ಏರಿದ್ದು ಹೇಗೆಂದು ನನಗೆ ಅರ್ಥವಾಗುತ್ತದೆ. 1996ರಲ್ಲಿ ದೆಹಲಿಯಲ್ಲಿ 10,252 ಜನ ಡೆಂಗಿಯಿಂದ ಮಲಗಿದರು, 423 ಮಂದಿ ಸತ್ತರು. ಡೆನ್-2 ಬಗೆಯ ವೈರಸ್ಸಿನ ಹಾವಳಿ ಅದು. ರಕ್ತಸ್ರಾವದ ಜ್ವರ ಎಂಬ ಹೆಸರು ಆಗ ಮನೆಮನೆ ಸೇರಿತು. ರಕ್ತ ಹೆಪ್ಪುಗಟ್ಟಲು ಬೇಕಾದ ಕಣ ನೀನು, ನೀನು ಕಡಿಮೆಯಾದರೆ ರಕ್ತ ಸುರಿದು ಸಾವು ಎಂಬ ಲೆಕ್ಕ ಜನರ ತಲೆಯಲ್ಲಿ ಕೂತಿತು. 2006ರಲ್ಲಿ ಡೆಂಗಿ ಏಮ್ಸ್ ಆಸ್ಪತ್ರೆಯ ಆವರಣದೊಳಗೇ ಹೊಕ್ಕು ವೈದ್ಯರನ್ನು ಹಿಡಿದಾಗ ಭಯ ಇಮ್ಮಡಿಯಾಯಿತು. 2015ರಲ್ಲಿ 15,867 ಪ್ರಕರಣ. ಆ ಸೆಪ್ಟೆಂಬರಿನಲ್ಲಿ ಆಸ್ಪತ್ರೆಗಳಲ್ಲಿ ಮಂಚ ಸಿಗದೆ ಜನ ಅಲೆದರು. ಆಗಲೇ ದೆಹಲಿ ಸರಕಾರ ಡೆಂಗಿ ಪರೀಕ್ಷೆಗೆ 600 ರೂಪಾಯಿ, ನಿನ್ನ ಎಣಿಕೆಗೆ 50 ರೂಪಾಯಿ ಮೀರಕೂಡದೆಂದು ಆದೇಶ ಹೊರಡಿಸಿತು. ಬಡವರ ಪಾಲಿಗೆ ಅದು ದೊಡ್ಡ ಉಪಕಾರ, ಆ ಮಾತು ಹೇಳಲೇಬೇಕು. ಆದರೆ ಐವತ್ತು ರೂಪಾಯಿಗೆ ಸಿಗುವ ಭರವಸೆಯನ್ನು ಜನ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕೊಳ್ಳುವುದನ್ನು ರೂಢಿ ಮಾಡಿಕೊಂಡರು. ಬೆಳಿಗ್ಗೆ ಒಂದು ಲ್ಯಾಬಿನಲ್ಲಿ 62,000, ಸಂಜೆ ಇನ್ನೊಂದರಲ್ಲಿ 51,000. ನಡುವಿನ ಹನ್ನೊಂದು ಸಾವಿರಕ್ಕೆ ಮನೆಯಲ್ಲಿ ಅಳು. ಯಂತ್ರ ಬೇರೆಯಾದರೆ, ಬೆರಳು ಹಿಂಡಿ ರಕ್ತ ತೆಗೆದರೆ, ನೇರಳೆ ಮುಚ್ಚಳದ ಸೀಸೆಯೊಳಗೆ ನೀನು ಗುಂಪುಗಟ್ಟಿ ಅಂಟಿಕೊಂಡರೆ ಅಷ್ಟು ವ್ಯತ್ಯಾಸ ಬರುವುದು ಸಾಮಾನ್ಯ. ಎಣಿಕೆ ತೀರ ಕಡಿಮೆ ಬಂದಾಗ ನಾವು ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ಮತ್ತೆ ನೋಡುವುದು ಇದೇ ಕಾರಣಕ್ಕೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಡೆಂಗಿಯಲ್ಲಿ ಪ್ರಾಣಕ್ಕೆ ಬರುವ ಮುಖ್ಯ ಕುತ್ತು ನೀನು ಇಳಿದದ್ದಲ್ಲ. ಸೂಕ್ಷ್ಮ ರಕ್ತನಾಳಗಳ ಒಳಪದರ ಸಡಿಲಗೊಂಡು ರಕ್ತದ ದ್ರವ ಭಾಗ, ಪ್ಲಾಸ್ಮಾ, ಎದೆಗೂಡಿಗೆ ಮತ್ತು ಹೊಟ್ಟೆಗೆ ಸೋರಿಹೋಗುವುದು ಆ ಕುತ್ತು. ಹೊರಗೆ ಒಂದು ತೊಟ್ಟು ರಕ್ತ ಕಾಣುವುದಿಲ್ಲ. ಒಳಗೆ ನಾಳಗಳು ಬರಿದಾಗುತ್ತವೆ, ನಾಡಿ ಕ್ಷೀಣಿಸುತ್ತದೆ, ಕೈಕಾಲು ತಣ್ಣಗಾಗುತ್ತವೆ. ರಕ್ತದೊತ್ತಡದ ಮೇಲಿನ ಮತ್ತು ಕೆಳಗಿನ ಅಂಕಿಗಳ ನಡುವಿನ ಅಂತರ 20ಕ್ಕೆ ಇಳಿಯಿತೆಂದರೆ ಮಗು ಶಾಕ್‌ಗೆ ಹೋಗಿದೆ ಎಂದೇ ವೈದ್ಯರು ತಿಳಿಯುತ್ತಾರೆ. ಮೇಲಿನ ಅಂಕಿ ಆಗಲೂ ನೂರರ ಹತ್ತಿರವೇ ಇದ್ದೀತು. ಮಗು ಕಣ್ಣು ಬಿಟ್ಟು ಮಾತಾಡುತ್ತಲೂ ಇದ್ದೀತು.

ಈ ಸೋರಿಕೆ ಶುರುವಾಗುವ ಗಳಿಗೆ ಎಂಥದ್ದು ನೋಡು. ಸುಡುಸುಡು ಜ್ವರದ ಮೊದಲ ಎರಡು ದಿನ ಅದು ಸಾಮಾನ್ಯವಾಗಿ ಬರುವುದಿಲ್ಲ. ಮೂರರಿಂದ ಏಳನೆಯ ದಿನದೊಳಗೆ, ಹೆಚ್ಚಾಗಿ ಜ್ವರ ಇಳಿಯುವ ಹೊತ್ತಿಗೆ, ಅದು ಕಾಲಿಡುತ್ತದೆ. ಇಪ್ಪತ್ತನಾಲ್ಕರಿಂದ ನಲವತ್ತೆಂಟು ತಾಸು ಇರುತ್ತದೆ. ಅಮ್ಮ ಥರ್ಮಾಮೀಟರ್ ನೋಡಿ ದೇವರಿಗೆ ಕೈಮುಗಿಯುವ ದಿನವೇ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯಬೇಕಾದ ದಿನ. ನಮ್ಮ ಹಿರಿಯರು ಕಲಿಸಿದ ಜ್ವರದ ತಿಳಿವಳಿಕೆಯೆಲ್ಲ ಇಲ್ಲಿ ತಲೆಕೆಳಗು. ಜ್ವರ ಬಿಟ್ಟ ಮೇಲೂ ಮಗು ಮಂಕಾಗಿ ಬಿದ್ದಿದ್ದರೆ, ಹೊಟ್ಟೆ ನೋವು ಎಂದು ಮುದುಡಿಕೊಂಡರೆ, ಬಿಡದೆ ವಾಂತಿಯಾದರೆ, ವಸಡಿನಲ್ಲಿ ಮೂಗಿನಲ್ಲಿ ರಕ್ತ ಕಂಡರೆ, ಕಿರಿಕಿರಿ ಮಾಡಿ ಒಂದೆಡೆ ನಿಲ್ಲದಿದ್ದರೆ ರಿಪೋರ್ಟಿಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಡೆಂಗಿಯ ವರ್ಗೀಕರಣವನ್ನೇ ಬದಲಿಸಿ ಈ ಎಚ್ಚರಿಕೆಯ ಲಕ್ಷಣಗಳನ್ನು ಮುಂದೆ ತಂದಿತು. ಆ ಪಟ್ಟಿಯಲ್ಲಿ ನೀನೂ ಇದ್ದೀಯ, ಒಬ್ಬಂಟಿಯಾಗಿ ಅಲ್ಲ. ನಿನ್ನ ಇಳಿಕೆಯ ಜೊತೆಗೆ ಪಿಸಿವಿ ಏರಿದರೆ ಅದು ಎಚ್ಚರಿಕೆ.

ಪಿಸಿವಿ ಅಂದರೆ ನೂರು ಪಾಲು ರಕ್ತದಲ್ಲಿ ಕೆಂಪು ಕಣಗಳದ್ದು ಎಷ್ಟು ಪಾಲು ಎಂಬ ಲೆಕ್ಕ. ಶ್ರೀಖಂಡಕ್ಕೆಂದು ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದಾಗ ನೀರು ಬಸಿದು ಉಳಿದದ್ದು ಗಟ್ಟಿಯಾಗುವ ಹಾಗೆ, ಪ್ಲಾಸ್ಮಾ ಸೋರಿದಾಗ ನಾಳದಲ್ಲಿ ಉಳಿದ ರಕ್ತ ಗಟ್ಟಿಯಾಗುತ್ತದೆ, ಪಿಸಿವಿ ಏರುತ್ತದೆ. ಆ ಮಗುವಿನ ಮೊದಲಿನ ಪಿಸಿವಿಗಿಂತ ನೂರಕ್ಕೆ ಇಪ್ಪತ್ತರಷ್ಟು ಏರಿತೆಂದರೆ ಸೋರಿಕೆ ಖಚಿತ. ಇದಕ್ಕೆ ಹೊಸ ಪರೀಕ್ಷೆ ಬೇಡ, ಹೆಚ್ಚು ದುಡ್ಡು ಬೇಡ. ಸಿಬಿಸಿ, ಅಂದರೆ ರಕ್ತಕಣಗಳ ಪೂರ್ಣ ಎಣಿಕೆ, ಮಾಡಿಸಿದರೆ ನಿನ್ನ ಜೊತೆಗೇ ಅದೇ ಹಾಳೆಯಲ್ಲಿ ಅಚ್ಚಾಗಿ ಬರುತ್ತದೆ. ಬರುತ್ತದೆ, ಯಾರೂ ಓದುವುದಿಲ್ಲ.

ಓದಿದರೂ ಹಾಳೆ ದಾರಿ ತಪ್ಪಿಸೀತು. ನಮ್ಮ ಬ್ಲಾಕಿನ ಆರು ವರ್ಷದ ಹುಡುಗನೊಬ್ಬನ ಎರಡು ರಿಪೋರ್ಟುಗಳನ್ನು ನಾನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟುಕೊಂಡು ನೋಡಿದ ಸಂಜೆ ಇದು ನನಗೆ ಸ್ಪಷ್ಟವಾಗಿ ಕಂಡಿತು. ಸೋಮವಾರದ ಹಾಳೆಯಲ್ಲಿ ಪಿಸಿವಿ 31. ನಮ್ಮ ಹಾಳೆಯ ಬಲಗಡೆ ಅಚ್ಚಾದ ಸಹಜ ಮಿತಿ 35ರಿಂದ 45. ಆದ್ದರಿಂದ 31 ದಪ್ಪ ಅಕ್ಷರದಲ್ಲಿ, ಪಕ್ಕದಲ್ಲಿ 'ಕಡಿಮೆ' ಎಂಬ ಗುರುತಿನೊಂದಿಗೆ ಬಂದಿತ್ತು. ಹುಡುಗನಿಗೆ ರಕ್ತಹೀನತೆ. ಗುರುವಾರ ಸಂಜೆಯ ಹಾಳೆಯಲ್ಲಿ ಪಿಸಿವಿ 38. ಮಿತಿಯೊಳಗಿದೆ. ದಪ್ಪ ಅಕ್ಷರ ಹೋಯಿತು, ಗುರುತೂ ಹೋಯಿತು. ಹಾಳೆಯ ಪ್ರಕಾರ ಹುಡುಗ ಸುಧಾರಿಸಿದ್ದ. ನೀನು 92,000. ಅವನ ತಾಯಿ ಕೌಂಟರಿನ ಆಚೆ ನಿಂತು, 'ದೀದಿ, ತೊಂಬತ್ತೆರಡು ಸಾವಿರ ಇದೆಯಲ್ಲ, ಜ್ವರವೂ ಬೆಳಿಗ್ಗೆ ಬಿಟ್ಟಿತು. ಇನ್ನು ಭಯವಿಲ್ಲ ಅಲ್ಲವೇ?' ಎಂದರು. ಹುಡುಗ ಅವರ ಹೆಗಲ ಮೇಲೆ ತಲೆ ಇಟ್ಟಿದ್ದ. ಪಾದ ಮುಟ್ಟಿ ನೋಡಿದೆ, ತಣ್ಣಗಿತ್ತು. ಮಧ್ಯಾಹ್ನದಿಂದ ಮೂತ್ರಕ್ಕೆ ಹೋಗಿರಲಿಲ್ಲ. 31ರಿಂದ 38 ಅಂದರೆ ನೂರಕ್ಕೆ ಇಪ್ಪತ್ತೆರಡಕ್ಕೂ ಹೆಚ್ಚಿನ ಏರಿಕೆ. ನಮ್ಮ ಡಾಕ್ಟರನ್ನು ಕರೆದೆ, ಅವರು ನೋಡಿದವರೇ ಆಸ್ಪತ್ರೆಗೆ ಫೋನ್ ಮಾಡಿದರು, ಆ ರಾತ್ರಿಯೇ ಡ್ರಿಪ್ ಹಾಕಿದರು. ಹುಡುಗ ಉಳಿದ. ಆಸ್ಪತ್ರೆಯಲ್ಲಿದ್ದಷ್ಟು ದಿನವೂ ನೀನು ಅವನಲ್ಲಿ ಐವತ್ತು ಸಾವಿರದ ಕೆಳಗೆ ಹೋಗಲೇ ಇಲ್ಲ.

ನಮ್ಮ ದೇಶದಲ್ಲಿ ಇದು ಅಪರೂಪದ ಸಂಗತಿಯಾಗಲಾರದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67 ಮಂದಿಗೆ ರಕ್ತಹೀನತೆ. ಇಂಥ ಮಕ್ಕಳಲ್ಲಿ ಪ್ಲಾಸ್ಮಾ ಸೋರಿದಾಗ ಪಿಸಿವಿ ಏರಿ ಏರಿ ಸಹಜ ಮಿತಿಯನ್ನು ತಲುಪುತ್ತದೆ. ಅಪಾಯ ಆರೋಗ್ಯದ ವೇಷ ತೊಟ್ಟು ಹಾಳೆಯ ಮೇಲೆ ಕೂರುತ್ತದೆ. ಮೊದಲಿನ ಅಂಕಿಯನ್ನು ಪಕ್ಕದಲ್ಲಿಟ್ಟು ನೋಡದೆ ಇದನ್ನು ಹಿಡಿಯಲು ಸಾಧ್ಯವೇ ಇಲ್ಲ.

ರಕ್ತನಾಳ ಹೀಗೆ ಸಡಿಲವಾಗುವುದೇಕೆ? ಇದರ ಉತ್ತರ ವೈರಸ್ಸಿಗಿಂತ ಹೆಚ್ಚಾಗಿ ನಮ್ಮ ಮೈಯ ರಕ್ಷಣಾ ವ್ಯವಸ್ಥೆಯಲ್ಲಿದೆ. ಇಲ್ಲಿ ಡೆಂಗಿ ಬಂದ ಕೂಡಲೇ ಇಮ್ಯುನಿಟಿ ಹೆಚ್ಚಲೆಂದು ಗಿಲೋಯ್ (ಅಮೃತಬಳ್ಳಿ) ಕಷಾಯ ಕುದಿಸುವವರಿಗೆ ಈ ಕಥೆ ತಿಳಿದಿರಬೇಕು. ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆ. ಒಂದು ಬಗೆ ಬಂದು ಹೋದರೆ ಅದರ ವಿರುದ್ಧ ಬಹುಕಾಲ ಬಾಳುವ ರಕ್ಷಣೆ ಸಿಗುತ್ತದೆ. ಉಳಿದ ಮೂರರ ವಿರುದ್ಧ ಸಿಗುವುದು ಕೆಲವು ತಿಂಗಳ ರಕ್ಷಣೆ ಮಾತ್ರ. ಅಮೆರಿಕದ ವೈದ್ಯ ಸ್ಕಾಟ್ ಹಾಲ್‌ಸ್ಟೆಡ್ 1960ರ ದಶಕದಲ್ಲಿ ಬ್ಯಾಂಕಾಕಿನಲ್ಲಿ ಕೆಲಸ ಮಾಡುವಾಗ ಒಂದು ವಿಚಿತ್ರ ಕಂಡರು. ಶಾಕ್‌ಗೆ ಹೋಗುತ್ತಿದ್ದ ಮಕ್ಕಳು ಎರಡು ಗುಂಪಿನವರು: ಎರಡನೆಯ ಸಲ ಡೆಂಗಿ ಬಂದವರು ಮತ್ತು ಒಂದು ವರ್ಷದೊಳಗಿನ ಕೂಸುಗಳು. ಕೂಸುಗಳಿಗೆ ಅದು ಮೊದಲ ಸೋಂಕು. ಆದರೆ ಬಸಿರಿನಲ್ಲೇ ತಾಯಿಯಿಂದ ಬಂದ ಪ್ರತಿಕಾಯಗಳು ಅವುಗಳ ಮೈಯಲ್ಲಿದ್ದವು, ತಿಂಗಳು ಕಳೆದಂತೆ ಸವೆಯುತ್ತಿದ್ದವು. ಎರಡು ಗುಂಪಿಗೂ ಸಮಾನವಾದದ್ದು ಇದೇ. ವೈರಸ್ಸಿಗೆ ಅಂಟಿಕೊಳ್ಳುವಷ್ಟಿದ್ದು ಅದನ್ನು ನಿಷ್ಕ್ರಿಯಗೊಳಿಸುವಷ್ಟಿಲ್ಲದ ಹಳೆಯ ಪ್ರತಿಕಾಯ. ಬಿಳಿ ರಕ್ತಕಣಗಳ ಮೇಲ್ಮೈಯಲ್ಲಿ ಪ್ರತಿಕಾಯದ ಬಾಲವನ್ನು ಹಿಡಿದು ಒಳಗೆಳೆಯುವ ಕೊಂಡಿಗಳಿವೆ. ಅವು ಪ್ರತಿಕಾಯದ ಜೊತೆಗೆ ಜೀವಂತ ವೈರಸ್ಸನ್ನೂ ಒಳಗೆ ಕರೆದುಕೊಳ್ಳುತ್ತವೆ. ಒಳಗೆ ಹೋದದ್ದು ಅಲ್ಲೇ ಮರಿಮಾಡುತ್ತದೆ.

ಕ್ಯೂಬಾ ಇದಕ್ಕೆ ದೊಡ್ಡ ಸಾಕ್ಷಿಯಾಯಿತು. ಅಲ್ಲಿ 1977ರಲ್ಲಿ ಡೆನ್-1 ಹರಡಿತ್ತು. ನಾಲ್ಕು ವರ್ಷ ಬಿಟ್ಟು 1981ರಲ್ಲಿ ಡೆನ್-2 ಬಂತು. ಮೂರು ಲಕ್ಷಕ್ಕೂ ಹೆಚ್ಚು ಮಂದಿಗೆ ತಗುಲಿ 158 ಜನ ಸತ್ತರು, ಅವರಲ್ಲಿ 101 ಮಕ್ಕಳು. ಮುಂದೆ ನಿಕರಾಗುವಾದ ಮನಾಗುವಾದಲ್ಲಿ ಸಾವಿರಾರು ಮಕ್ಕಳ ರಕ್ತವನ್ನು ವರ್ಷ ವರ್ಷವೂ ತೆಗೆದಿಟ್ಟು, ಲಿಯಾ ಕಾಟ್ಸೆಲ್‌ನಿಕ್, ಇವಾ ಹ್ಯಾರಿಸ್ ಮತ್ತು ಸಂಗಡಿಗರು 2017ರಲ್ಲಿ ತೋರಿಸಿದ್ದು ಇನ್ನೂ ನಿಖರ. ಪ್ರತಿಕಾಯ ಇಲ್ಲದವರಿಗೂ ಹೆಚ್ಚು ಅಪಾಯವಿಲ್ಲ, ತುಂಬ ಇದ್ದವರಿಗೂ ಇಲ್ಲ. ನಡುವಿನ ಒಂದು ಕಿರಿದಾದ ಮಟ್ಟದಲ್ಲಿದ್ದವರಿಗೆ ತೀವ್ರ ಡೆಂಗಿಯ ಅಪಾಯ ಏಳು ಪಟ್ಟಿಗೂ ಹೆಚ್ಚು. ಅದೇ ವರ್ಷದ ನವೆಂಬರಿನಲ್ಲಿ ಫಿಲಿಪೀನ್ಸಿನಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಹಾಕಿದ್ದ ಡೆಂಗ್‌ವಾಕ್ಸಿಯಾ ಲಸಿಕೆಯ ಬಗ್ಗೆ ಅದನ್ನು ತಯಾರಿಸಿದ ಸನೋಫಿ ಕಂಪನಿಯೇ ಎಚ್ಚರಿಕೆ ಕೊಟ್ಟಿತು: ಮೊದಲು ಡೆಂಗಿ ಬಾರದವರಿಗೆ ಈ ಲಸಿಕೆ ಹಾಕಿದರೆ ಮುಂದೆ ತೀವ್ರ ಡೆಂಗಿಯ ಸಂಭವ ಹೆಚ್ಚಬಹುದು. ಆ ದೇಶದ ತಾಯಂದಿರಿಗೆ ಲಸಿಕೆಗಳ ಮೇಲಿದ್ದ ನಂಬಿಕೆಗೆ ಬಿದ್ದ ಪೆಟ್ಟು ದೊಡ್ಡದು.

ಇಷ್ಟು ಕೇಳಿದರೆ, ಎರಡನೆಯ ಸಲ ಬಂದರಷ್ಟೇ ಭಯ, ಮೊದಲ ಸಲಕ್ಕೆ ಹೆದರಬೇಕಾಗಿಲ್ಲ ಎಂದು ಅನ್ನಿಸುತ್ತದೆ. ಇಲ್ಲಿ ಬಹಳ ಜನ ಹಾಗೇ ತಿಳಿದಿದ್ದಾರೆ. ಆದರೆ ನಮ್ಮದೇ ಮಕ್ಕಳ ರಕ್ತ ಬೇರೆ ಮಾತು ಹೇಳಿದೆ. ಏಮ್ಸ್‌ನ ಮಕ್ಕಳ ವಿಭಾಗದ ಎಸ್.ಕೆ. ಕಾಬ್ರಾ, ರಾಕೇಶ್ ಲೋಧಾ, ಐಸಿಜಿಇಬಿ ಸಂಶೋಧನಾ ಕೇಂದ್ರದ ಅನ್ಮೋಲ್ ಚಾಂಡೇಲೆ, ಫರೀದಾಬಾದಿನ ಟಿಎಚ್‌ಎಸ್‌ಟಿಐ ಸಂಸ್ಥೆಯ ಗುರುಪ್ರಸಾದ್ ಮೆಡಿಗೇಶಿ ಮತ್ತು ಜೊತೆಗಾರರು ದೆಹಲಿಯ ಡೆಂಗಿ ಮಕ್ಕಳನ್ನು ಅಭ್ಯಾಸ ಮಾಡಿ 2016ರಲ್ಲಿ ಪ್ರಬಂಧ ಪ್ರಕಟಿಸಿದರು. ತೀವ್ರ ರೋಗ ಮೊದಲ ಸೋಂಕಿನಲ್ಲೂ ಇತ್ತು, ಎರಡನೆಯದರಲ್ಲೂ ಇತ್ತು. ವೈರಸ್ಸಿನ ಪ್ರಮಾಣಕ್ಕೂ ರೋಗದ ತೀವ್ರತೆಗೂ ಸಂಬಂಧ ಕಾಣಲಿಲ್ಲ. ನಿನಗೆ ಸಂಬಂಧಪಟ್ಟದ್ದನ್ನು ಹೇಳುತ್ತೇನೆ, ಗಮನವಿಟ್ಟು ಕೇಳು: ವೈರಸ್ ಹೆಚ್ಚಿದ್ದ ಮಕ್ಕಳಲ್ಲಿ ನೀನು ಹೆಚ್ಚು ದಿನ ಕೆಳಗೇ ಉಳಿದೆ, ಚೇತರಿಕೆ ತಡವಾಯಿತು. ಅಂದರೆ ನೀನು ಎಷ್ಟು ದಿನ ಕೆಳಗಿರುತ್ತೀ ಎಂಬುದು ಒಂದು ಕಥೆ, ಮಗು ಅಪಾಯಕ್ಕೆ ಬೀಳುತ್ತದೆಯೇ ಎಂಬುದು ಇನ್ನೊಂದು ಕಥೆ.

ತೀವ್ರ ರೋಗಕ್ಕೆ ಬಿದ್ದ ಮಕ್ಕಳ ರಕ್ತದಲ್ಲಿ ಅವರಿಗೆ ಕಂಡದ್ದು ರಕ್ಷಣಾ ವ್ಯವಸ್ಥೆಯ ಏರುಪೇರು. ವೈರಸ್ಸನ್ನು ಶುರುವಿನಲ್ಲೇ ತಡೆಯಬೇಕಾದ ಇಂಟರ್‌ಫೆರಾನ್-ಆಲ್ಫಾ ಕಡಿಮೆ ಇತ್ತು. ಉರಿಯೂತಕ್ಕೆ ಸಂಬಂಧಪಟ್ಟ ಇಂಟರ್‌ಲ್ಯೂಕಿನ್-6, 8 ಮತ್ತು 10 ಏರಿದ್ದವು. ಕೊನೆಯ ಎರಡು ಇಳಿಯತೊಡಗಿದ್ದು ಚೇತರಿಕೆಯ ಸ್ಪಷ್ಟ ಗುರುತು. ವೈರಸ್ ಮನೆಮಾಡಿದ್ದು ಮಾನೊಸೈಟ್ ಎಂಬ ಬಿಳಿ ರಕ್ತಕಣಗಳಲ್ಲಿ. ಇಂಟರ್‌ಲ್ಯೂಕಿನ್-10ನ್ನು ಹೆಚ್ಚಾಗಿ ಸುರಿಸುತ್ತಿದ್ದುದೂ ಅವೇ. 2024ರಲ್ಲಿ ಭಾರತದ 619 ಮಕ್ಕಳ ಮೇಲಿನ ಇನ್ನೊಂದು ಅಧ್ಯಯನ ಹೊರಬಂತು. ತೀವ್ರ ಡೆಂಗಿಯಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಅದು ಬದುಕಿನ ಮೊದಲ ಡೆಂಗಿ. ಇದನ್ನು ಓದಿದ ದಿನ ನನಗೆ ಕಸಿವಿಸಿಯಾಯಿತು. 'ಮೊದಲ ಸಲ ತಾನೇ' ಎಂಬ ಸಮಾಧಾನದ ಮಾತನ್ನು ಇಲ್ಲಿ ದಿನಕ್ಕೆಷ್ಟು ಜನ ಎಷ್ಟು ಜನರಿಗೆ ಹೇಳುತ್ತಾರೋ.

ಇನ್ನೊಂದು ಅಂಶ ಇದೆ. ಲ್ಯಾಬಿನಲ್ಲಿ ನಾವು ಎನ್‌ಎಸ್1 ಪರೀಕ್ಷೆ ಮಾಡುತ್ತೇವಲ್ಲ, ಪಟ್ಟಿಯ ಮೇಲೆ ಎರಡನೆಯ ಗೆರೆ ಮೂಡಿತೆಂದರೆ ಡೆಂಗಿ ಎನ್ನುವ ಪರೀಕ್ಷೆ. ಅದು ಗುರುತಿಸುವುದು ವೈರಸ್ಸಿನ ಒಂದು ಪ್ರೊಟೀನನ್ನು. ಆ ಪ್ರೊಟೀನ್ ಬರಿ ಗುರುತಿನ ಚೀಟಿಯಲ್ಲ, ತಾನೇ ರಕ್ತನಾಳದ ಒಳಪದರವನ್ನು ಸಡಿಲಗೊಳಿಸಬಲ್ಲದು ಎಂದು 2015ರ ಸಂಶೋಧನೆಗಳು ತೋರಿಸಿದವು. ಮೈಯ ತಪ್ಪು ಲೆಕ್ಕ ಒಂದು ಕಡೆ, ವೈರಸ್ಸಿನ ಕೈವಾಡ ಇನ್ನೊಂದು ಕಡೆ, ಎರಡರ ನಡುವೆ ಸಿಕ್ಕಿಬೀಳುವುದು ಎಳೆಯ ಮಕ್ಕಳ ಕೂದಲೆಳೆ ನಾಳಗಳು.

ಹಾಗಾದರೆ ಯಾವ ಮಗು ಯಾವ ದಿನ ಬೀಳುತ್ತದೆಂದು ಮೊದಲೇ ಹೇಳಲು ಬರುವುದಿಲ್ಲವೇ? ಬರಬೇಕೆಂದು ಬಹಳ ಜನ ದುಡಿಯುತ್ತಿದ್ದಾರೆ. ಪ್ರತಿಕಾಯದ ಬಾಲದಲ್ಲಿರುವ ಫ್ಯೂಕೋಸ್ ಎಂಬ ಸಕ್ಕರೆಯ ಅಂಶ ಕಡಿಮೆ ಇದ್ದವರಿಗೆ ಎರಡನೆಯ ಸೋಂಕಿನಲ್ಲಿ ಅಪಾಯ ಹೆಚ್ಚೆಂದು 2021ರಲ್ಲಿ ತಿಳಿಯಿತು. ಸ್ಟ್ಯಾನ್‌ಫರ್ಡಿನ ಪೂರ್ವೇಶ್ ಖತ್ರಿ, ಶಿರಿತ್ ಐನಾವ್ ಅವರ ತಂಡ ರಕ್ತದಲ್ಲಿ ಎಂಟು ಜೀನುಗಳ ಚಟುವಟಿಕೆ ಅಳೆದು ತೀವ್ರ ಡೆಂಗಿಯನ್ನು ಮುನ್ಸೂಚಿಸುವ ಮಾದರಿಯನ್ನು 2022ರಲ್ಲಿ ಮುಂದಿಟ್ಟಿತು, ಕೊಲಂಬಿಯಾದ ರೋಗಿಗಳಲ್ಲಿ ಅದನ್ನು ಒರೆಗೆ ಹಚ್ಚಿತು. ಇವುಗಳ ಅಗತ್ಯ ನಿಜಕ್ಕೂ ಇದೆ. ಎಚ್ಚರಿಕೆಯ ಲಕ್ಷಣಗಳನ್ನಷ್ಟೇ ನೆಚ್ಚಿದರೆ ತೀವ್ರ ರೋಗಕ್ಕೆ ಹೋಗದ ಬಹಳ ಮಂದಿಯೂ ಬಲೆಗೆ ಬೀಳುತ್ತಾರೆ, ಅಕ್ಟೋಬರಿನ ದೆಹಲಿಯಲ್ಲಿ ಅಷ್ಟು ಮಂಚ ಎಲ್ಲಿಂದ ತರುವುದು? ಆದರೆ ಈ ಪರೀಕ್ಷೆಗಳು ಪೀತಮ್‌ಪುರದ ಮೂಲೆಯ ಲ್ಯಾಬಿಗೆ ಇನ್ನೂ ಬಂದಿಲ್ಲ. ಬರುವ ತನಕ ನಮ್ಮ ಕೈಯಲ್ಲಿರುವುದು ಪಿಸಿವಿ, ರಕ್ತದೊತ್ತಡದ ಅಂತರ, ಮೂತ್ರದ ಲೆಕ್ಕ, ಪಾದದ ತಣುಪು ಮತ್ತು ತಾಯಿಯ ಕಣ್ಣು.

ನಿನ್ನ ಹೆಸರಿನಲ್ಲಿ ನಡೆಯುವ ಇನ್ನೆರಡು ಸಂಗತಿ ಹೇಳಿ ಮುಂದೆ ಹೋಗುತ್ತೇನೆ. ಮೊದಲನೆಯದು, ಪ್ಲೇಟ್‌ಲೆಟ್ ಚೀಲಗಳಿಗಾಗಿ ಮನೆಯವರು ರಾತ್ರಿಯಿಡೀ ಬ್ಲಡ್ ಬ್ಯಾಂಕುಗಳ ನಡುವೆ ಓಡುವುದು. ಸಿಂಗಪುರ ಮತ್ತು ಮಲೇಷ್ಯಾದಲ್ಲಿ ನಿನ್ನ ಎಣಿಕೆ 20,000ಕ್ಕಿಂತ ಹೆಚ್ಚಿಲ್ಲದ, ರಕ್ತಸ್ರಾವವೂ ಇಲ್ಲದ 372 ವಯಸ್ಕ ರೋಗಿಗಳ ಮೇಲೆ ನಡೆದ ಪರೀಕ್ಷೆ 2017ರಲ್ಲಿ ಪ್ರಕಟವಾಯಿತು. ಮುಂಜಾಗ್ರತೆಗೆಂದು ಪ್ಲೇಟ್‌ಲೆಟ್ ಏರಿಸಿದ್ದರಿಂದ ರಕ್ತಸ್ರಾವ ತಪ್ಪಲಿಲ್ಲ, ಅಡ್ಡಪರಿಣಾಮಗಳು ಮಾತ್ರ ಹೆಚ್ಚಾದವು. ರಕ್ತಸ್ರಾವ ನಿಜವಾಗಿ ಆಗುತ್ತಿರುವವರ ಮಾತು ಬೇರೆ, ಅವರಿಗೆ ಚೀಲ ಬೇಕೇ ಬೇಕು. ಎರಡನೆಯದು ಪಪ್ಪಾಯಿ ಎಲೆಯ ರಸ, ಕಿವಿ ಹಣ್ಣು, ಈ ತಿಂಗಳುಗಳಲ್ಲಿ ಬೆಲೆ ಗಗನಕ್ಕೇರುವ ಆಡಿನ ಹಾಲು. ಚೇತರಿಕೆಯ ಹಂತ ಬಂದಾಗ ನೀನು ನಿನ್ನಷ್ಟಕ್ಕೇ ಏರುತ್ತೀಯ. ಹಿಂದಿನ ದಿನ ಏನು ಕುಡಿಸಿದ್ದರೋ ಶ್ರೇಯಸ್ಸು ಅದಕ್ಕೆ ಹೋಗುತ್ತದೆ. ವಾಂತಿಯಾಗುತ್ತಿರುವ ಮಗುವಿನ ಗಂಟಲಿಗೆ ಕಹಿ ರಸ ಸುರಿದು, ಅದು ಮತ್ತೆ ವಾಂತಿ ಮಾಡಿ, ಕುಡಿದ ಓಆರ್‌ಎಸ್ ಕೂಡ ಹೊರಬರುವುದನ್ನು ಕಂಡಿದ್ದೇನೆ. ನೋವಿಗೆಂದು ಬ್ರೂಫೆನ್, ಆಸ್ಪಿರಿನ್ ಕೊಡುವುದು ಇನ್ನೂ ಕೆಟ್ಟದ್ದು, ರಕ್ತಸ್ರಾವಕ್ಕೆ ಅವು ದಾರಿ ಮಾಡಿಕೊಡುತ್ತವೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು.

ಡ್ರಿಪ್ಪಿನ ಬಗ್ಗೆಯೂ ಒಂದು ಮಾತು ಇಲ್ಲೇ ಬರೆದುಬಿಡುತ್ತೇನೆ. ಹೆಚ್ಚು ಬಾಟಲಿ ಏರಿಸಿದಷ್ಟೂ ಒಳ್ಳೆಯದೆಂದು ಮನೆಯವರು ನರ್ಸುಗಳ ಮೇಲೆ ಒತ್ತಡ ಹಾಕುತ್ತಾರೆ. ಸೋರಿಕೆ ನಿಂತ ಮೇಲೆ ಹೊರಗೆ ಹೋದ ದ್ರವ ಎರಡು ಮೂರು ದಿನಗಳಲ್ಲಿ ತಾನಾಗಿ ನಾಳಕ್ಕೆ ಮರಳುತ್ತದೆ. ಆಗಲೂ ಬಾಟಲಿ ಹರಿಯುತ್ತಲೇ ಇದ್ದರೆ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರಾಟವೇ ಕಷ್ಟವಾಗುತ್ತದೆ. ಯಾವಾಗ ಕೊಡಬೇಕು, ಯಾವಾಗ ನಿಲ್ಲಿಸಬೇಕು ಎಂದು ಹೇಳುವುದರಲ್ಲೂ ನಿನಗಿಂತ ಪಿಸಿವಿಯ ಪಾತ್ರ ದೊಡ್ಡದು.

ಊರಿನ ಕಡೆಯವರು ಇದು ದೆಹಲಿಯ ಗೋಳು ಎಂದುಕೊಳ್ಳಬಾರದು. 2024ರ ಜುಲೈಯಲ್ಲಿ ಕರ್ನಾಟಕ ಸರಕಾರವೂ ಖಾಸಗಿ ಲ್ಯಾಬುಗಳ ಡೆಂಗಿ ಪರೀಕ್ಷೆಗೆ ದರ ಗೊತ್ತುಪಡಿಸಿತು, ಸೆಪ್ಟೆಂಬರಿನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಬೆಂಗಳೂರಿನಲ್ಲಿರುವ ನನ್ನ ತಂಗಿ ಆ ಮಳೆಗಾಲದಲ್ಲಿ ಫೋನ್ ಮಾಡಿ, 'ಅಕ್ಕಾ, ಪ್ಲೇಟ್‌ಲೆಟ್ಸ್ ಎಷ್ಟಿದ್ದರ ಅಡ್ಮಿಟ್ ಮಾಡಬೇಕು?' ಅಂತಲೇ ಕೇಳಿದಳು. ಬೆಂಗಳೂರಿನ ಐಐಎಸ್‌ಸಿಯ ರಾಹುಲ್ ರಾಯ್ ಅವರ ತಂಡ 1956ರಿಂದ 2018ರವರೆಗಿನ ಭಾರತದ 408 ಡೆಂಗಿ ವೈರಸ್‌ಗಳ ಜೀನ್ ಸರಣಿಗಳನ್ನು ಜೋಡಿಸಿ ನೋಡಿ 2023ರಲ್ಲಿ ತಿಳಿಸಿದ್ದು ಏನೆಂದರೆ, ಸುಮಾರು 2012ರವರೆಗೆ ಡೆನ್-1 ಮತ್ತು 3 ಮುಂದಿದ್ದವು, ಆಮೇಲೆ ಡೆನ್-2 ಮೇಲುಗೈ ಪಡೆಯಿತು, ದಕ್ಷಿಣದಲ್ಲಿ ಡೆನ್-4 ತನ್ನದೇ ರೂಪ ತಾಳಿ ನೆಲೆಯೂರುತ್ತಿದೆ. ನಮ್ಮ ಮೈಯಲ್ಲಿ ಉಳಿದ ಹಳೆಯ ಪ್ರತಿಕಾಯಗಳ ಒತ್ತಡವೂ ಈ ಬದಲಾವಣೆಯ ಹಿಂದೆ ಇದೆ ಎಂಬುದು ಅವರ ಅಭಿಪ್ರಾಯ. ನಾಲ್ಕೂ ಬಗೆಯ ವಿರುದ್ಧದ ದೇಶೀ ಲಸಿಕೆ ಡೆಂಗಿಆಲ್‌ನ ಮೂರನೆಯ ಹಂತದ ಪರೀಕ್ಷೆ 2024ರ ಆಗಸ್ಟಿನಲ್ಲಿ ನಮ್ಮ ಪಕ್ಕದ ರೋಹತಕ್‌ನಿಂದಲೇ ಶುರುವಾಯಿತು. ಫಿಲಿಪೀನ್ಸಿನ ಪಾಠ ಕಲಿತು, ಮೊದಲು ಡೆಂಗಿ ಬಂದವರಿಗೂ ಬಾರದವರಿಗೂ ಅದು ಹೇಗೆ ನಡೆದುಕೊಳ್ಳುತ್ತದೆಂದು ಪೂರ್ತಿ ನೋಡಿಯೇ ಮಕ್ಕಳಿಗೆ ತರಲಿ ಎಂದು ನಾನು ಬಯಸುತ್ತೇನೆ.

ಕೊನೆಗೆ ನನ್ನ ಬೇಡಿಕೆ. ಅದನ್ನು ನಿನ್ನ ಮುಂದಿಟ್ಟು ಉಳಿದವರಿಗೂ ಕೇಳಿಸುತ್ತೇನೆ. ರಕ್ತ ತೆಗೆಯುವಾಗ ತುಂಬುವ ಚೀಟಿಯಲ್ಲಿ ಹೆಸರು, ವಯಸ್ಸು, ಕಳಿಸಿದ ಡಾಕ್ಟರು, ಕೊಡಬೇಕಾದ ಹಣ ಎಲ್ಲದಕ್ಕೂ ಜಾಗವಿದೆ. ಜ್ವರಕ್ಕೆ ಎಷ್ಟನೇ ದಿನ ಎಂಬುದಕ್ಕೆ ಜಾಗವಿಲ್ಲ. ಜ್ವರ ಬಿಟ್ಟು ಎಷ್ಟು ತಾಸಾಯಿತು ಎಂಬುದಕ್ಕೂ ಇಲ್ಲ. ರಿಪೋರ್ಟಿನಲ್ಲಿ ಹಿಂದಿನ ಪಿಸಿವಿಯನ್ನು ಇಂದಿನದರ ಪಕ್ಕದಲ್ಲಿ ಅಚ್ಚು ಮಾಡುವುದು ಕಂಪ್ಯೂಟರಿಗೆ ಕ್ಷಣದ ಕೆಲಸ. ನೂರಕ್ಕೆ ಇಪ್ಪತ್ತರಷ್ಟು ಏರಿದ್ದರೆ ಸಹಜ ಮಿತಿಯೊಳಗಿದ್ದರೂ ದಪ್ಪ ಅಕ್ಷರದಲ್ಲಿ ಬರಬೇಕು. ನಮ್ಮ ಲ್ಯಾಬಿನ ಮಾಲೀಕರು ಒಪ್ಪಿ ಚೀಟಿಗೆ ಎರಡು ಖಾನೆ ಸೇರಿಸಿದ್ದಾರೆ. ರಿಪೋರ್ಟಿನ ಸಾಫ್ಟ್‌ವೇರ್ ನಮ್ಮ ಕೈಯಲ್ಲಿಲ್ಲ, ಸದ್ಯಕ್ಕೆ ಹಿಂದಿನ ಪಿಸಿವಿಯನ್ನು ನಾನು ಪೆನ್ನಿನಲ್ಲಿ ಬರೆದುಕೊಡುತ್ತಿದ್ದೇನೆ. ಬೆಲೆಗೆ ಮಿತಿ ಹಾಕಿ ಆದೇಶ ಹೊರಡಿಸಬಲ್ಲ ಸರಕಾರಗಳು, ದೆಹಲಿಯದಾಗಲಿ ಬೆಂಗಳೂರಿನದಾಗಲಿ, ಡೆಂಗಿಯ ತಿಂಗಳುಗಳಲ್ಲಿ ಎಲ್ಲ ಲ್ಯಾಬುಗಳಿಗೂ ಇದನ್ನು ಕಡ್ಡಾಯ ಮಾಡಬಹುದು. ಹೊಸ ಯಂತ್ರ ಬೇಕಿಲ್ಲ, ಹೊಸ ಸೂಜಿ ಚುಚ್ಚಬೇಕಿಲ್ಲ. ಮುಂದಿನ ಆಗಸ್ಟಿಗೆ ಮೊದಲು ಇದು ಆಗಬೇಕು.

ಇತಿ,
ಪೀತಮ್‌ಪುರದ ಒಬ್ಬ ಲ್ಯಾಬ್ ಟೆಕ್ನಿಷಿಯನ್